ಹಣೆಯ ಮೇಲಿನ ಸ್ಪಿರಿಟ್ ಬಟ್ಟೆ

ಅಶ್ವತ್ಥಪ್ಪನವರ ಬೆರಳಿಗೆ ಬಟ್ಟೆ ಸಿಕ್ಕಿತು. ಆದರೆ ಅಲ್ಲಿ ಬಟ್ಟೆ ಇರಲಿಲ್ಲ.

ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಬೀಟೆ ಮರದ ಹಳೆಯ ಮಂಚ. ಮಿಕ್ಕೆಲ್ಲ ಕಡೆ ಮುಖ ಕಾಣುವಂಥ ಪಾಲಿಶ್. ತಲೆದಿಂಬಿನ ಪಕ್ಕದ ಅಡ್ಡಪಟ್ಟಿಯ ಮೇಲೆ ಮಾತ್ರ ಒಂದು ಗೇಣುದ್ದ ಬಿಳಿಚಿಕೊಂಡಿತ್ತು. ಆ ಬಿಳುಪಿನಲ್ಲಿ ನೇಯ್ಗೆಯ ಎಳೆ ಎಳೆಯೂ ಅಚ್ಚೊತ್ತಿ ಒಣಗಿತ್ತು. ಯಾರೋ ಒದ್ದೆ ಬಟ್ಟೆಯನ್ನು ಮಡಿಸಿ ಅಲ್ಲಿ ಹಾಕಿದ್ದರು. ತೆಗೆದು, ಮತ್ತೆ ಮತ್ತೆ ಹಾಕಿದ್ದರು.

ನೀರಿನ ಒದ್ದೆಯಲ್ಲ. ನೀರು ಬಿದ್ದರೆ ಈ ಪಾಲಿಶ್ ಹೀಗೆ ಕರಗಿ ಬಟ್ಟೆಯ ಅಚ್ಚು ಹಿಡಿಯುವುದಿಲ್ಲ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮರಕ್ಕೆ ತಿಕ್ಕುತ್ತಾರೆ. ಸ್ಪಿರಿಟ್ ಆರಿಹೋಗಿ ಅರಗು ಉಳಿಯುತ್ತದೆ. ಮತ್ತೆ ಸ್ಪಿರಿಟ್ ತಗುಲಿದರೆ ಬೆಣ್ಣೆಯಂತೆ ಕರಗಲು ಶುರುಮಾಡುತ್ತದೆ.

ಅಬಕಾರಿ ಇಲಾಖೆಯಲ್ಲಿ ಕೂದಲು ಹಣ್ಣು ಮಾಡಿಕೊಂಡು, ನಿವೃತ್ತಿಯಾದ ಮೇಲೆ ಚಾಮರಾಜಪೇಟೆಯಲ್ಲಿ ಪತ್ತೇದಾರಿಯ ಬೋರ್ಡು ಹಾಕಿಕೊಂಡಿದ್ದ ಮನುಷ್ಯನಿಗೆ ಇಷ್ಟು ಗೊತ್ತಾಗಲು ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ.

"ಮಂಚದಲ್ಲಿ ಏನ್ ಸಿಗುತ್ತೆ ಅಂತ ಹುಡುಕ್ತಿದೀರಿ?" ಬಾಗಿಲಲ್ಲಿ ನಿಂತಿದ್ದ ಮನೆಯ ಅಜ್ಜಿ ಗಂಗರತ್ನಮ್ಮ ಕೇಳಿದರು. "ಆ ಮಾರಿ ಕುಡಿಸಿದ್ದು ಅಡುಗೆಮನೇಲಿ. ಅಲ್ಲಿ ನೋಡಿ."

ಆ ಮಾರಿ ಎಂದರೆ ಮುನಿಯಕ್ಕ. ಎನ್.ಆರ್. ಕಾಲೋನಿಯ ಈ ಮನೆಯ ಮಗು ನಂದುವನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು. ಸೋಮವಾರ ಜ್ವರದಲ್ಲಿ ಮಲಗಿದ್ದ ಮಗು ಸಂಜೆಯ ಹೊತ್ತಿಗೆ ಎಚ್ಚರ ತಪ್ಪಿತ್ತು. ಉಸಿರಲ್ಲಿ ಏನೋ ಘಾಟು. ಮುನಿಯಕ್ಕನ ಗಂಡ ಓಬಳಪ್ಪ ಹೋದ ವರ್ಷ ಕಳ್ಳಸಾರಾಯಿ ಕುಡಿದು ಸತ್ತವನು. ಗಲಾಟೆ ಮಾಡದೆ ಮಲಗಲಿ ಅಂತ ಇವಳೂ ಮಗುವಿಗೆ ಸಾರಾಯಿ ಕುಡಿಸಿದಳು ಅಂತ ಅಜ್ಜಿ ಹೇಳಿಕೆ ಕೊಟ್ಟರು. ಇಂದಿಗೆ ಗುರುವಾರ. ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ಅದರ ಉಸಿರು ನಿಂತರೆ ಮುನಿಯಕ್ಕನ ಮೇಲೆ ಬೀಳುವುದು ಕೊಲೆ ಕೇಸು.

ಬೆಳಿಗ್ಗೆ ಠಾಣೆಯಲ್ಲಿ ಅವಳನ್ನು ನೋಡಿ ಬಂದಿದ್ದರು ಅಶ್ವತ್ಥಪ್ಪ. ನಾನು ಮಾಡಿಲ್ಲ ಅಂತ ಅವಳು ಗೋಳಾಡಲಿಲ್ಲ. "ಸೋಮವಾರ ನಾನು ತಂದಿದ್ದ ಎಳನೀರು ಇನ್ನೊಂದು ಹಂಗೇ ಐತೆ ಸೋಮಿ. ಎದ್ದ ಮ್ಯಾಕೆ ನಂದೂಗೆ ಕೊಡಾಕೆ ಹೇಳಿ" ಎಂದಿದ್ದಳು. ಅಷ್ಟೇ.

"ಅಮ್ಮಾ, ಸೋಮವಾರ ಈ ಕೋಣೆ ಕಿಟಕಿ ತೆಗೆದಿತ್ತಾ?"

"ಜ್ವರದ ಮಗೂನ ಮಲಗಿಸಿ ಯಾರಾದ್ರೂ ಕಿಟಕಿ ತೆಗೀತಾರೇನ್ರೀ? ಶೀತಗಾಳಿ ಹೊಡೆದು ಸನ್ನಿ ಆದ್ರೆ?"

ಅಶ್ವತ್ಥಪ್ಪ ಕಿಟಕಿಯ ಹತ್ತಿರ ಹೋದರು. ಬಾಗಿಲ ಸಂದಿಗಳಲ್ಲಿ ಹಳೆಯ ಸೀರೆಯ ಚೂರುಗಳನ್ನು ಚೆನ್ನಾಗಿ ಒತ್ತಿ ತುರುಕಿತ್ತು. ಮೇಲಿನ ಗವಾಕ್ಷಿಗೂ ಒಂದು ದಿಂಬಿನ ಚೀಲ. ಇರುವೆ ನುಸುಳಲೂ ಜಾಗವಿರಲಿಲ್ಲ.

ಇಷ್ಟು ಅಕ್ಕರೆಯಿಂದ ಕೋಣೆ ಮುಚ್ಚಿದ ಕೈ ಮಗುವಿಗೆ ಕೇಡು ಬಯಸಿದ ಕೈಯಲ್ಲ. ಅವರ ಎದೆಗೆ ಅದೇ ಭಾರವಾಯಿತು.

"ಕೂತ್ಕೊಳ್ಳಿ ಅಮ್ಮಾ."

"ನಾನ್ಯಾಕೆ ಕೂರಲಿ?"

"ನನ್ನ ಮಂಡಿ ನೋಯುತ್ತೆ. ನೀವು ಕೂರದೆ ನಾನು ಕೂರೋ ಹಾಗಿಲ್ಲ."

ಮುದುಕಿ ಗೋಡೆಯ ಪಕ್ಕದ ಮಣೆಯ ಮೇಲೆ ಕುಕ್ಕರಿಸಿದರು. ಅಶ್ವತ್ಥಪ್ಪ ಎದುರಿಗೆ ಸ್ಟೂಲು ಎಳೆದುಕೊಂಡರು.

"ಮೊಮ್ಮಗಳ ಕೈಮೇಲೆ ಸೋಮವಾರ ಒಂದು ವಾಚು ಇತ್ತು. ನೋಡಿದ್ರಾ?"

"ವಾಚೆಲ್ಲಿಂದ ಬರ್ಬೇಕು ಆ ಮಗೂಗೆ?" ಎಂದವರು ತಡೆದು, "ಓ, ಅದಾ! ಪೆನ್ನಲ್ಲಿ ಬರೆದಿದ್ದು. ಶಿವಕುಮಾರಿ ದಿನಾ ಬರೀತಾಳೆ."

ಶಿವಕುಮಾರಿ ಮಗುವಿನ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮುನಿಯಕ್ಕ ಇಂಥದ್ದು ಮಾಡುವವಳಲ್ಲ ಅಂತ ನಿನ್ನೆ ಅಶ್ವತ್ಥಪ್ಪನವರ ಕಚೇರಿಗೆ ಬಂದು ಕಣ್ಣೀರು ಹಾಕಿದವಳು ಅವಳೇ. ಕೆಲಸಕ್ಕೆ ಹೊರಡುವ ಮುಂಚೆ ಮಗಳ ಮಣಿಕಟ್ಟಿನ ಮೇಲೆ ಬಾಲ್ ಪೆನ್ನಿನಿಂದ ವಾಚು ಬರೆದು, ಮುಳ್ಳನ್ನು ಐದಕ್ಕೆ ಇಡುತ್ತಾಳಂತೆ. "ಈ ಮುಳ್ಳಿಗೆ ಅಮ್ಮ ಬರ್ತಾಳೆ" ಅಂತ. ಮಗು ಅದನ್ನು ಅಳಿಸಲು ಬಿಡುವುದಿಲ್ಲ. ಸ್ನಾನ ಮಾಡಿಸಿದರೂ ನೀಲಿ ಗೆರೆ ಮಾಸಲಾಗಿ ಉಳಿದೇ ಇರುತ್ತದೆ.

"ಆಸ್ಪತ್ರೆಗೆ ಸೇರಿಸೋವಾಗ ಆ ವಾಚು ಇರ್ಲಿಲ್ಲ. ಒಂದು ಗೆರೆಯೂ ಇರ್ಲಿಲ್ಲ. ಬಾಲ್ ಪೆನ್ ಶಾಯಿಯನ್ನ ನೀರು ಹಂಗೆ ತೊಳೆಯಲ್ಲ ಅಮ್ಮಾ. ಸ್ಪಿರಿಟ್ ತೊಳೆಯುತ್ತೆ."

ಗಂಗರತ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

"ಜ್ವರ ಇಳೀಲಿ ಅಂತ ಸ್ಪಿರಿಟ್ ಬಟ್ಟೆ ಹಾಕಿದ್ರಿ."

ಸೆರಗಿನ ಸುತ್ತು ಬಿಗಿಯಾಯಿತು.

"ತಪ್ಪು ಅಂತ ಹೇಳ್ತಿಲ್ಲ. ಕೇಳ್ತಿದೀನಿ."

"ಹಾಕಿದೆ!" ಮುದುಕಿಯ ದನಿ ಒಮ್ಮೆಲೇ ಏರಿತು. "ಅದ್ರಲ್ಲೇನು? ನನ್ನ ಮಗ ಧರ್ಮರಾಜೂಗೆ ಚಿಕ್ಕೋನಿದ್ದಾಗ ಟೈಫಾಯ್ಡ್ ಬಂದಿತ್ತು. ಆಸ್ಪತ್ರೆ ನರ್ಸಮ್ಮ ಸ್ಪಿರಿಟ್ ಮುಟ್ಟಿಸಿದ್ರೆ ಮೈ ಐಸಿನ ಥರ ತಣ್ಣಗಾಗೋದು. ನನ್ನ ಕಣ್ಣಾರೆ ನೋಡಿದೀನಿ. ನಂದೂಗೆ ಮೈ ಕೆಂಡ ಆಗಿತ್ತು. ಅವಳಮ್ಮ ಕೆಲಸಕ್ಕೆ ಹೋಗಿದ್ಲು. ಮುನಿಯಕ್ಕನ್ನ ಎಳನೀರಿಗೆ ಗಾಂಧಿ ಬಜಾರಿಗೆ ಕಳಿಸಿದ್ದೆ. ನಾನು ಕೈಕಟ್ಕೊಂಡು ಕೂರ್ಲಾ?"

"ಎಲ್ಲೆಲ್ಲಿ ಹಾಕಿದ್ರಿ?"

"ಹಣೆ ಮೇಲೆ. ಆಮೇಲೆ ಎದೆ, ಹೊಟ್ಟೆ, ಕೈಕಾಲು. ಅದು ಬೇಗ ಆರೋಗುತ್ತಲ್ಲ, ಮತ್ತೆ ಅದ್ದಿ ಅದ್ದಿ ಹಾಕ್ದೆ. ಮಗು ನಡುಗೋಕೆ ಶುರು ಮಾಡ್ತು. ಅದಕ್ಕೇ ಮೇಲೆ ಕಂಬಳಿ ಹೊದಿಸ್ದೆ. ಮುನಿಯಕ್ಕ ಬಂದು ಎಳನೀರು, ಒಂಚೂರು ಗಂಜಿ ಕುಡಿಸಿ ಬಟ್ಟೆ ಒಗೆಯೋಕೆ ಹೋದ್ಲು. ನಾನು ಮತ್ತೆ ಹಾಕ್ದೆ. ಆಮೇಲೆ ತಣ್ಣಗೆ ನಿದ್ದೆ ಬಂತು."

"ಅದು ನಿದ್ದೆ ಅಲ್ಲ ಅಮ್ಮಾ."

ಮುದುಕಿ ಸೆರಗು ಬಿಟ್ಟು ಅವರತ್ತ ಬಗ್ಗಿದರು.

ಅಶ್ವತ್ಥಪ್ಪ ದನಿ ತಗ್ಗಿಸಿದರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಚಕ್ರಪಾಣಿ ಹೇಳಿದ್ದನ್ನು ಆದಷ್ಟು ಮೆತ್ತಗೆ ಹೇಳಿದರು. ಮಗುವಿನ ಹೊಟ್ಟೆಯಿಂದ ತೆಗೆದ ನೀರಿನಲ್ಲಿ ಗಂಜಿ, ಎಳನೀರು ಬಿಟ್ಟರೆ ಏನೂ ಇರಲಿಲ್ಲ. ಉಸಿರಲ್ಲಿದ್ದದ್ದು ಸಾರಾಯಿಯ ವಾಸನೆಯೂ ಅಲ್ಲ. ಉಗುರಿನ ಬಣ್ಣ ಒರೆಸುವ ನೀರಿಗೆ ಇರುತ್ತಲ್ಲ, ಆ ಸಿಹಿ ಘಾಟು. ಐಸೊಪ್ರೊಪೈಲ್ ಅಂತ ಒಂದು ಜಾತಿಯ ಸ್ಪಿರಿಟ್ ಇದೆ. ಅದು ಒಳಗೆ ಹೋದರೆ ಮೈ ಅದನ್ನು ಅಸಿಟೋನ್ ಮಾಡಿ ಉಸಿರಿನಿಂದ ಹೊರಗೆ ಹಾಕುತ್ತದೆ. ಬಾಯಿಂದ ಹೋಗದಿದ್ದರೆ ಮತ್ತೆಲ್ಲಿಂದ ಹೋಯಿತು ಅನ್ನುವುದೇ ಚಕ್ರಪಾಣಿಯವರಿಗೆ ಬಗೆಹರಿಯದೆ ಉಳಿದಿತ್ತು.

"ಆರೋಗುತ್ತೆ ಅಂದ್ರಲ್ಲ, ಆರಿ ಎಲ್ಲಿಗೆ ಹೋಗುತ್ತೆ? ಗಾಳಿಗೆ. ನೀವು ಗಾಳಿ ಹೊರಗೆ ಹೋಗದಂಗೆ ಕೋಣೆ ಮುಚ್ಚಿದ್ರಿ. ಮಗು ಅದನ್ನೇ ಉಸಿರಾಡ್ತು. ಕಂಬಳಿಯೊಳಗೆ ಇನ್ನೂ ಜಾಸ್ತಿ. ಮಕ್ಕಳ ಚರ್ಮ ತೆಳು, ಅಲ್ಲಿಂದಲೂ ಒಂದಿಷ್ಟು ಒಳಕ್ಕೆ ಹೋಗುತ್ತೆ. ಮೇಲೆ ಮೈ ತಣ್ಣಗಾಯ್ತು. ಒಳಗೆ ಅಮಲು ಏರ್ತು."

"ಚರ್ಮ ಕುಡಿಯುತ್ತಾ?" ಗಂಗರತ್ನಮ್ಮ ಕೇಳಿದರು. ಕೇಳಿದ ರೀತಿಯಲ್ಲಿ ಕಪಟವಿರಲಿಲ್ಲ. "ಪೊಲೀಸರು ಏನ್ ಕೊಟ್ರಿ, ಏನ್ ಕುಡಿಸಿದ್ರಿ ಅಂತ ಕೇಳಿದ್ರು. ನಾನು ಏನೂ ಕುಡಿಸ್ಲಿಲ್ಲವಲ್ಲ. ಮೈಮೇಲೆ ಹಾಕಿದ್ದನ್ನ ಯಾಕೆ ಹೇಳ್ಲಿ? ಗಂಜಿ ಕುಡಿಸಿದ್ದು ಅವಳು. ವಾಸನೆ ಬಾಯಲ್ಲಿ ಬಂತು. ಅವಳೇ ಕುಡಿಸಿದ್ಲು ಅಂತ… ಅಯ್ಯೋ, ನಾನು ನಿಜವಾಗ್ಲೂ ಹಂಗೇ ಅಂದ್ಕೊಂಡೆ ಕಣಪ್ಪಾ."

ಇಷ್ಟು ಹೊತ್ತು 'ನೀವು' ಎನ್ನುತ್ತಿದ್ದ ಮುದುಕಿ ಅಪ್ಪಾ ಎಂದುಬಿಟ್ಟಿದ್ದರು. ತಮ್ಮ ಅಂಗೈಗಳನ್ನು ತಾವೇ ತಿರುವಿ ತಿರುವಿ ನೋಡಿಕೊಂಡರು. ಅಂಗೈಯ ಚರ್ಮ ಒಣಗಿ ಬಿಳಿ ಪುಡಿ ಉದುರುತ್ತಿತ್ತು. ಸ್ಪಿರಿಟ್ ಆ ಕೈಗಳ ಜಿಡ್ಡನ್ನೂ ಹೀರಿಕೊಂಡಿತ್ತು.

"ಈ ಕೋಣೇಲಿ ದೀಪ ಹಚ್ಚಲಿಲ್ಲ ತಾನೆ?"

"ಸಂಜೆ ಹಚ್ಚೋಣ ಅಂತಿದ್ದೆ. ಅಷ್ಟ್ರಲ್ಲಿ ಶಿವಕುಮಾರಿ ಬಂದ್ಲು."

ಅಶ್ವತ್ಥಪ್ಪ ಗೂಡಿನಲ್ಲಿದ್ದ ಹಿತ್ತಾಳೆ ದೀಪವನ್ನು ನೋಡಿದರು. ಆ ಕೋಣೆಯ ತುಂಬ ಸ್ಪಿರಿಟ್ ಆವಿ ನಿಂತಿದ್ದಾಗ ಒಂದು ಬೆಂಕಿಕಡ್ಡಿ ಗೀರಿದ್ದರೆ!

"ಆ ಸ್ಪಿರಿಟ್ ತೋರಿಸಿ."

ಗಂಗರತ್ನಮ್ಮ ಎದ್ದು ಹಾಸಿಗೆಯ ಸುರುಳಿಯ ಹಿಂದಿನಿಂದ ಬಿಗಿ ಮುಚ್ಚಳದ ಹಳೆಯ ಉಪ್ಪಿನಕಾಯಿ ಸೀಸೆಯೊಂದನ್ನು ತೆಗೆದರು. ತಳದಲ್ಲಿ ನೀರಿನಂಥ ದ್ರವ ಸ್ವಲ್ಪವಿತ್ತು. ಅದ್ದಲು ಅನುಕೂಲವಾಗಲಿ ಅಂತ ದೊಡ್ಡ ಸೀಸೆಯಿಂದ ಇದಕ್ಕೆ ಬಗ್ಗಿಸಿಕೊಂಡಿದ್ದರಂತೆ. ದೊಡ್ಡ ಸೀಸೆ ಮಗನದು. ಧರ್ಮರಾಜು ಗಾಂಧಿನಗರದಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದ. ಟೇಪು ಉಜ್ಜಿ ಉಜ್ಜಿ ಕಂದುಗಟ್ಟುವ ಹೆಡ್ಡನ್ನು ಹತ್ತಿಯಿಂದ ಒರೆಸಲು ಈ ಸ್ಪಿರಿಟ್ಟೇ ಆಗಬೇಕು. ಕಲೆ ಬಿಡದೆ ಆರುತ್ತದೆ. ಮನೆಗೆ ತಂದ ಕೆಲಸಕ್ಕೆಂದು ಒಂದು ಸೀಸೆ ಇಲ್ಲೂ ಇರುತ್ತಿತ್ತು.

"ಅವನಿಗೆ ಹೇಳ್ಲಿಲ್ಲವಾ?"

"ಅವನ ಸ್ಪಿರಿಟ್ ಮುಟ್ಟಿದ್ರೆ ಕೂಗಾಡ್ತಾನೆ. ಯಾರಿಗೂ ಹೇಳ್ಲಿಲ್ಲ. ಇವತ್ತೇ, ನಿಮ್ಮ ಮುಂದೇನೇ."

ಇಬ್ಬರೂ ಅಡುಗೆಮನೆಗೆ ಬಂದರು. ಅಶ್ವತ್ಥಪ್ಪ ಕಿಟಕಿ ತೆರೆದರು, ಒಲೆ ಆರಿದೆಯೇ ಅಂತ ನೋಡಿದರು. ಬರುವ ದಾರಿಯಲ್ಲಿ ಮೆಡಿಕಲ್ ಶಾಪಿನಿಂದ ತಂದಿದ್ದ, ಇಂಜೆಕ್ಷನ್ನಿಗೆ ಹಚ್ಚುವ ಸ್ಪಿರಿಟ್ಟಿನ ನಾಲ್ಕು ಹನಿಯನ್ನು ಸ್ಟೀಲ್ ತಟ್ಟೆಯೊಂದಕ್ಕೆ ಹಾಕಿ ಕಡ್ಡಿ ಗೀರಿದರು. ನೀಲಿಯಾಗಿ ಉರಿದು ಆರಿತು. ತಟ್ಟೆ ಚೊಕ್ಕಟ.

ಉಪ್ಪಿನಕಾಯಿ ಸೀಸೆಯ ಮುಚ್ಚಳ ತೆಗೆದು, ನಾಲ್ಕು ಹನಿ ಇನ್ನೊಂದು ತಟ್ಟೆಗೆ ಹಾಕಿ, ಸೀಸೆಯನ್ನು ಮತ್ತೆ ಬಿಗಿದು ದೂರ ಇಟ್ಟರು. ಈ ಸಲ ಜ್ವಾಲೆಯ ತಲೆ ಹಳದಿಗೆ ತಿರುಗಿತು. ಮೇಲೆ ಹಿಡಿದ ಚಮಚದ ಬೆನ್ನಿಗೆ ಕಾಡಿಗೆಯಂಥ ಮಸಿ ಹಿಡಿಯಿತು.

"ಇದೇ. ಡಾಕ್ಟ್ರು ಹೇಳಿದ ಜಾತಿ." ಅವರ ಭುಜಗಳು ಎರಡು ದಿನದ ಮೇಲೆ ಸಡಿಲವಾದವು. "ಅಮ್ಮಾ, ನೀವು ಈಗ ನನ್ನ ಜೊತೆ ಠಾಣೆಗೆ ಬಂದು ಇಷ್ಟೂ ಹೇಳ್ಬೇಕು. ಮುನಿಯಕ್ಕ ಇವತ್ತೇ ಮನೆಗೆ ಹೋಗ್ತಾಳೆ."

"ನನ್ನ ಒಳಗೆ ಹಾಕ್ತಾರಾ?"

"ನೀವು ಮಾಡಿದ್ದು ಅಕ್ಕರೆ. ಅದಕ್ಕೆ ಯಾವ ಸೆಕ್ಷನ್ ಹಾಕ್ತಾರೋ ನಾನೂ ನೋಡ್ತೀನಿ."

ಗಂಗರತ್ನಮ್ಮ ಮುಖ ಒರೆಸಿಕೊಂಡು ಚಪ್ಪಲಿ ಹುಡುಕಿದರು. ಆಮೇಲೆ ತಿರುಗಿ ನಿಂತರು. "ದೊಡ್ಡ ಸೀಸೇನೂ ತಗೊಳ್ಳಿ. ಅರ್ಧಕ್ಕಿಂತ ಕಮ್ಮಿ ಮಾಡಿಬಿಟ್ಟಿದೀನಿ, ಅವರೂ ನೋಡ್ಲಿ."

ಮುಂದಿನ ಕೋಣೆಯ ಶೆಲ್ಫಿನ ಮೇಲಿನ ಅರೆ. ಬಿಚ್ಚಿಟ್ಟ ಟೇಪ್ ರೆಕಾರ್ಡರ್, ತಂತಿಯ ಸುರುಳಿಗಳು, ಅವುಗಳ ಹಿಂದೆ ಕಂದು ಬಣ್ಣದ ಸೀಸೆ. ಅಶ್ವತ್ಥಪ್ಪ ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ಎತ್ತಿದರು.

ಸೀಸೆ ಕತ್ತಿನವರೆಗೂ ತುಂಬಿತ್ತು.

"ಇದೇ ಸೀಸೆನಾ?"

"ಇದೇ… ಅಂಚಿನಲ್ಲಿ ಒಡೆದಿರೋ ಮುಚ್ಚಳ, ಇದೇ." ಮುದುಕಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. "ಅಲ್ಲಾ, ಇದು ತುಂಬಿದ್ದು ಹೇಗೆ?"

ಅಶ್ವತ್ಥಪ್ಪ ಅಡುಗೆಮನೆಗೆ ಮರಳಿ, ಒಂದು ಚಮಚದಷ್ಟನ್ನು ತಟ್ಟೆಗೆ ಬಗ್ಗಿಸಿ ಕಡ್ಡಿ ತೋರಿಸಿದರು.

ಹತ್ತಿಕೊಂಡಿತೋ ಇಲ್ಲವೋ ತಿಳಿಯಲಿಲ್ಲ. ಬಿಸಿಲಿನಲ್ಲಿ ಏನೂ ಕಾಣಿಸಲಿಲ್ಲ. ಕಾಗದದ ತುಂಡನ್ನು ಮೇಲೆ ಹಿಡಿದರು. ಅದು ಬರಿಯ ಗಾಳಿಯಲ್ಲಿ ಕಪ್ಪಾಗಿ ಹೊತ್ತಿಕೊಂಡಿತು. ಹಳದಿ ಇಲ್ಲ, ಮಸಿ ಇಲ್ಲ. ಕಣ್ಣಿಗೆ ಬೀಳದ ಬೆಂಕಿ.

ಅವರಿಗೆ ಹಳೆಯ ಕಳ್ಳಸಾರಾಯಿ ರೈಡುಗಳು ನೆನಪಾದವು. ಸಾಲಾಗಿ ಮಲಗಿಸಿದ ಜನ, ಕಣ್ಣು ಕಾಣ್ತಿಲ್ಲ ಸ್ವಾಮಿ ಅಂತ ಗಾಳಿಯಲ್ಲಿ ಕೈಯಾಡಿಸುತ್ತಿದ್ದವರು. ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ ಬೆಂಕಿ ಆರಿಸಿದರು. ಧರ್ಮರಾಜುವಿನ ತಂತಿಯಿಂದ ಒಂದು ತುಂಡು ತಾಮ್ರ ಬಿಡಿಸಿ, ಮೇಣದಬತ್ತಿಯಲ್ಲಿ ಕಾಸಿ, ಕೆಂಪು ಆರಿದ ಮೇಲೆ ಎರಡು ಹನಿಯಲ್ಲಿ ಅದ್ದಿದರು.

ಚುಯ್ ಎಂದಿತು. ಮೂಗು ಕಣ್ಣು ಎರಡನ್ನೂ ಇರಿಯುವ ಘಾಟು. ಕಾಲೇಜಿನಲ್ಲಿ ಸತ್ತ ಕಪ್ಪೆಗಳನ್ನು ಅದ್ದಿಡುವ ಜಾಡಿಯ ಘಾಟು.

ಮೀಥೈಲ್ ಸ್ಪಿರಿಟ್, ಕಣ್ಣು ಕಳೆಯುವ ವಿಷ. ಓಬಳಪ್ಪನನ್ನು ಕೊಂದ ಸಾರಾಯಿಯಲ್ಲಿದ್ದದ್ದೂ ಇದೇ.

ಪೊಲೀಸರ ಕೈಗೆ ಈ ಸೀಸೆ ಸಿಕ್ಕರೆ ಕಥೆ ತಾನಾಗಿ ಹೊಂದಿಕೊಳ್ಳುತ್ತದೆ. ಗಂಡ ಸತ್ತ ವಿಷ, ಹೆಂಡತಿ ಕೆಲಸ ಮಾಡುವ ಮನೆಯಲ್ಲಿ. ಉಪ್ಪಿನಕಾಯಿ ಸೀಸೆಯ ತಳದಲ್ಲಿ ಉಳಿದದ್ದನ್ನು ಆಮೇಲೆ ಯಾರು ಕೇಳುತ್ತಾರೆ?

"ಅಮ್ಮಾ, ಸೋಮವಾರದಿಂದೀಚೆ ಈ ಮನೆಗೆ ಯಾರ್ಯಾರು ಬಂದ್ರು?"

"ಯಾರೂ ಇಲ್ಲಪ್ಪ. ಧರ್ಮರಾಜು ಆಸ್ಪತ್ರೆ ಬಿಟ್ಟು ಕದಲಿಲ್ಲ. ನಿನ್ನೆ ಶಿವಕುಮಾರಿ ಒಂದ್ಗಳಿಗೆ ಬಂದಿದ್ಲು, ಮಗೂ ಬಟ್ಟೆ ತಗೊಳ್ಳೋಕೆ. ನಾನು ಹಿತ್ತಲಲ್ಲಿದ್ದೆ."

ಗೇಟಿನ ಚಿಲಕ ಸದ್ದಾಯಿತು.

ಶಿವಕುಮಾರಿ ಓಡುತ್ತಲೇ ಒಳಗೆ ಬಂದಳು. ಬಾಚದ ತಲೆ, ಮೂರು ದಿನದ ಸುಕ್ಕು ಸೀರೆ, ಮುಖದ ತುಂಬ ನಗು, ಕೆನ್ನೆಯ ತುಂಬ ನೀರು.

"ಅತ್ತೆ! ನಂದು ಕಣ್ಣು ಬಿಟ್ಲು! ನನ್ನ ಗುರುತು ಹಿಡಿದ್ಲು! ವಾಚೆಲ್ಲಿ ಅಂದ್ಲು, ಮತ್ತೆ ಬರೆದುಕೊಟ್ಟೆ. ಮುನಿಯಕ್ಕ ಎಲ್ಲಿ ಅಂತ ಅಳ್ತಿದಾಳೆ."

ಗಂಗರತ್ನಮ್ಮ ಅಲ್ಲೇ ನೆಲಕ್ಕೆ ಕುಸಿದು ಸೊಸೆಯ ಕಾಲನ್ನೇ ತಬ್ಬಿಕೊಂಡರು. ಆ ತಾಯಿಯ ಸಂತೋಷ ಸುಳ್ಳಲ್ಲ. ಅದನ್ನು ಯಾರೂ ನಟಿಸಲಾರರು.

ಬೀದಿಯಲ್ಲಿ ಜೀಪು ನಿಂತಿತು. ಸಬ್ ಇನ್‌ಸ್ಪೆಕ್ಟರ್ ಬೈರಯ್ಯ ಟೋಪಿ ಸರಿಮಾಡಿಕೊಳ್ಳುತ್ತ ಒಳಗೆ ಬಂದ.

"ಏನ್ ಅಶ್ವತ್ಥಪ್ಪನೋರೆ, ರಿಟೈರ್ ಆದ್ರೂ ಸೀಸೆ ಮೂಸೋ ಚಾಳಿ ಬಿಡ್ಲಿಲ್ವಾ? ಕೊಡಿ ಇಲ್ಲಿ. ಅದಕ್ಕೇ ಬಂದಿದ್ದು."

"ಈ ಸೀಸೆ ವಿಷಯ ನಿಮಗೆ ಯಾರು ಹೇಳಿದ್ರು?"

"ಮುನಿಯಕ್ಕ. ಈಗ ತಾನೇ ಒಪ್ಪಿಕೊಂಡ್ಲು. ಶೆಲ್ಫಿನ ಮೇಲಿನ ಅರೆ, ಕಂದು ಸೀಸೆ, ಅದರಿಂದ ತಾನೇ ಕುಡಿಸಿದೆ ಅಂತ ಹೆಬ್ಬೆಟ್ಟು ಒತ್ತಿದ್ಲು."

ಮಗುವಿನ ಹೊಟ್ಟೆಗೆ ಹೋಗದೇ ಇದ್ದದ್ದನ್ನು ಕುಡಿಸಿದೆ ಎಂದು ಮುನಿಯಕ್ಕ ಒಪ್ಪಿಕೊಂಡಿದ್ದಳು. ಅಜ್ಜಿ ಯಾರಿಗೂ ಬಾಯಿ ಬಿಡದ ಸೀಸೆಯ ಹೆಸರು ಹೇಳಿ.

"ಬೆಳಿಗ್ಗೆ ನಾನು ಹೋದಾಗ ಅವಳು ಇದರ ಮಾತೇ ಎತ್ತಲಿಲ್ಲ ಬೈರಯ್ಯ. ನಾನು ಬಂದ ಮೇಲೆ ಅವಳನ್ನ ನೋಡೋಕೆ ಯಾರು ಬಂದಿದ್ರು?"

ಬೈರಯ್ಯನ ಕಣ್ಣು ಶಿವಕುಮಾರಿಯ ಕಡೆ ಹೋಯಿತು.

ಅವಳು ಅತ್ತೆಯ ತಲೆ ಸವರುತ್ತ ನಿಂತಿದ್ದಳು. ನೋಟ ಮಾತ್ರ ತಟ್ಟೆಯ ಪಕ್ಕದ ತಾಮ್ರದ ತಂತಿಯ ಮೇಲೆ ನೆಟ್ಟಿತ್ತು. ಬೆರಳ ತುದಿಗಳಲ್ಲಿ ಮಗಳಿಗೆ ವಾಚು ಬರೆದ ನೀಲಿ ಶಾಯಿ ಇನ್ನೂ ಹಸಿಯಾಗಿತ್ತು.

"ಮುನಿಯಕ್ಕನ್ನ ಬಿಡಿಸಿ ಅಂತ ನೀವೇ ನನ್ನ ಹತ್ರ ಬಂದ್ರಿ" ಎಂದರು ಅಶ್ವತ್ಥಪ್ಪ.

"ನಿನ್ನೆ ಬೆಳಿಗ್ಗೆ ಬಂದೆ ಸಾರ್." ಅವಳ ದನಿ ಅವರೊಬ್ಬರಿಗೆ ಮಾತ್ರ ಕೇಳುವಷ್ಟಿತ್ತು. "ಮಧ್ಯಾಹ್ನ ಮಗೂ ಬಟ್ಟೆಗೆ ಅಂತ ಬೀರು ತೆಗೆದಾಗ ನಂದು ಅಪ್ಪ ಮುಚ್ಚಿಟ್ಟಿದ್ದ ಈ ವಿಷದ ಡಬ್ಬ ಸಿಕ್ತು, ಅಲ್ಲೀವರೆಗೂ ನಂಗೆ ಏನೂ ಗೊತ್ತಿರ್ಲಿಲ್ಲ."

ಅವಳ ಕೈ ಮುಂದೆ ಬಂತು.

"ಈ ಸೀಸೆಗೆ ತುಂಬಿದ್ದು ನಾನೇ, ಅವರಿಗೆ ಕೊಟ್ಬಿಡಿ. ತನ್ನ ಗಂಡನ್ನ ಕೊಂದದ್ದು ಇದೇ ಅಂತ ಮುನಿಯಕ್ಕಂಗೂ ಎಲ್ಲಾ ಗೊತ್ತು. ಗೊತ್ತಿದ್ದೇ, ನಂದೂಗೆ ಅಪ್ಪ ಉಳೀಲಿ ಅಂತ ಹೆಬ್ಬೆಟ್ಟು ಒತ್ತಿದಾಳೆ."